ಶಾಂಘೈ ಹತ್ತಿರದ ಹಳೇ ಕಾಲುವೆ ಊರಿಗೆ ಗುಂಪಾಗಿ ಒಂದು ದಿನ: ಯಾವ ಊರು, ಹೇಗೆ ಹೋಗುವುದು?

ಪುದೊಂಗ್ ಅಮ್ಮ:
ಎಲ್ಲರಿಗೂ ನಮಸ್ಕಾರ. ನಾವು ಶಾಂಘೈಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಪುದೊಂಗ್ ಕಡೆಯ ಕೆಲವು ಕನ್ನಡದ ಮನೆಗಳು, ಜೊತೆಗೆ ನಮ್ಮ ಯಜಮಾನರ ಆಫೀಸಿನವರು, ಎಲ್ಲ ಸೇರಿದರೆ ಇಪ್ಪತ್ತರ ಹತ್ತಿರ ಆಗುತ್ತೇವೆ. ಒಂದು ಶನಿವಾರ ಹತ್ತಿರದ ಯಾವುದಾದರೂ ಹಳೇ ಕಾಲುವೆ ಊರಿಗೆ ಹೋಗಿ ಸಂಜೆಗೆ ಮನೆ ಸೇರಬೇಕು ಅಂತ ಆಸೆ.

ಸಣ್ಣ ಮಕ್ಕಳಿದ್ದಾರೆ. ಊರಿಂದ ಬಂದಿರುವ ಅತ್ತೆ ಮಾವ ಇದ್ದಾರೆ, ಮಾವನಿಗೆ ಮಂಡಿ ನೋವು. ಅರ್ಧ ಜನ ಸಸ್ಯಾಹಾರಿಗಳು, ಅದರಲ್ಲಿ ಇಬ್ಬರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಝುಜಿಯಾಜಿಯಾವೊ, ಝೌಝುವಾಂಗ್, ತೊಂಗ್ಲಿ, ಶೀತಾಂಗ್, ವುಝೆನ್ ಅಂತ ಐದಾರು ಹೆಸರು ಹೇಳುತ್ತಾರೆ. ಫೋಟೋದಲ್ಲಿ ನೋಡಿದರೆ ಎಲ್ಲ ಒಂದೇ ಥರ ಕಾಣುತ್ತವೆ. ಬಿಳಿ ಗೋಡೆ, ಕಪ್ಪು ಹೆಂಚು, ಕೆಂಪು ದೀಪ, ಕಮಾನು ಸೇತುವೆ. ಒಬ್ಬ ಏಜೆಂಟ್ ಬಸ್ಸು, ಗೈಡು, ಮಧ್ಯಾಹ್ನದ ಊಟ ಸೇರಿಸಿ ತುಂಬಾ ಕಡಿಮೆ ರೇಟು ಹೇಳಿದ್ದಾರೆ. ಒಪ್ಪಿಕೊಳ್ಳಲೋ ಬೇಡವೋ ಗೊತ್ತಾಗುತ್ತಿಲ್ಲ. ಹೋಗಿ ಬಂದವರು ಹೇಳಿ.

ಹಳೇ ಶಾಂಘೈ:
ಮಕ್ಕಳು, ಹಿರಿಯರು ಇದ್ದಾರೆ, ಸಂಜೆಗೆ ವಾಪಸ್ ಬರಬೇಕು ಅಂದರೆ ಜಾಸ್ತಿ ಯೋಚನೆ ಬೇಡ ಮೇಡಂ, ಝುಜಿಯಾಜಿಯಾವೊ. ಅದು ಶಾಂಘೈ ಒಳಗೇ ಇದೆ, ಚಿಂಗ್‌ಪು ಜಿಲ್ಲೆಯಲ್ಲಿ. ಮುಂಚೆ ಪೀಪಲ್ಸ್ ಸ್ಕ್ವೇರ್ ಹತ್ತಿರ ಬಸ್ಸಿಗೆ ಸಾಲು ನಿಲ್ಲಬೇಕಿತ್ತು. 2017ರ ಡಿಸೆಂಬರ್ ಕೊನೆಗೆ ಮೆಟ್ರೋ 17ನೇ ಲೈನ್ ಶುರುವಾದ ಮೇಲೆ ಆ ಕಷ್ಟ ಮುಗಿಯಿತು. ನಿಮ್ಮ ಕಡೆಯಿಂದ 2ನೇ ಲೈನ್ ಹಿಡಿದು ಹೊಂಗ್‌ಚಿಯಾವೊ ರೈಲ್ವೆ ಸ್ಟೇಷನ್‌ಗೆ ಬನ್ನಿ. ಅಲ್ಲಿ 17ಕ್ಕೆ ಬದಲಾಯಿಸಿ. ಅಲ್ಲಿಂದ ಮುಂದೆ ಸುಮಾರು ಅರ್ಧ ಗಂಟೆ. ಸ್ಟೇಷನ್ನಿಂದ ಹಳೇ ಊರಿಗೆ ನಡೆದರೆ ಹದಿನೈದು ಇಪ್ಪತ್ತು ನಿಮಿಷ. ಮಾವನವರನ್ನು ಅಲ್ಲಿಂದ ಟ್ಯಾಕ್ಸಿಯಲ್ಲಿ ಕಳಿಸಿ.

ಊರೊಳಗೆ ಹೋಗಲು ಟಿಕೆಟ್ ಇಲ್ಲ. ಕೆಲವು ಹಳೇ ಮನೆ, ತೋಟ, ಇಂಥವಕ್ಕೆ ಮಾತ್ರ ದುಡ್ಡು. ನೋಡಲೇಬೇಕಾದದ್ದು ಫಾಂಗ್‌ಶೆಂಗ್ ಸೇತುವೆ. 1571ರಲ್ಲಿ ಒಬ್ಬ ಬೌದ್ಧ ಸನ್ಯಾಸಿ ಚಂದಾ ಎತ್ತಿ ಕಟ್ಟಿಸಿದ್ದು, 1812ರಲ್ಲಿ ಮತ್ತೆ ಕಟ್ಟಿದರು. ಐದು ಕಮಾನು, ಸುಮಾರು 70 ಮೀಟರ್ ಉದ್ದ. ಮೇಲೆ ಹತ್ತಿದರೆ ಇಡೀ ಊರು ಕಾಣುತ್ತದೆ. ಮೆಟ್ಟಿಲು ಜಾಸ್ತಿ, ಹಾಗಾಗಿ ಮಂಡಿ ನೋವಿನವರು ಕೆಳಗೇ ಚಹಾ ಅಂಗಡಿಯಲ್ಲಿ ಕೂತರೆ ಒಳ್ಳೆಯದು. ಅಲ್ಲಿಂದ ಕಾಣುವ ನೋಟವೂ ಚೆನ್ನಾಗಿದೆ.

ಮಂಗಳೂರು ಮೀನು:
ಆ ಸೇತುವೆ ಹತ್ತಿರ ಪ್ಲಾಸ್ಟಿಕ್ ಕವರಿನಲ್ಲಿ ಸಣ್ಣ ಬಣ್ಣದ ಮೀನು ಮಾರುತ್ತಾರೆ. ಕೊಂಡು ಹೊಳೆಗೆ ಬಿಟ್ಟರೆ ಪುಣ್ಯ ಅಂತ. ಮಕ್ಕಳು ಹಠ ಹಿಡಿಯುವುದು ಗ್ಯಾರಂಟಿ, ಚಿಲ್ಲರೆ ರೆಡಿ ಇಟ್ಟುಕೊಳ್ಳಿ. ನನ್ನ ಮಗಳು ಬಿಟ್ಟ ಮೀನಿಗೆ ಹೆಸರು ಬೇರೆ ಇಟ್ಟಿದ್ದಾಳೆ. ಅವತ್ತು ಮಧ್ಯಾಹ್ನ ಪಕ್ಕದ ಹೋಟೆಲಿನಲ್ಲಿ ನಾನು ಮೀನು ಆರ್ಡರ್ ಮಾಡಿದಾಗ ಅವಳು ನೋಡಿದ ನೋಟ ಇನ್ನೂ ಮರೆತಿಲ್ಲ.

ಸುಝೌ ಲ್ಯಾಬ್ ಹುಡುಗ:
ಹಳೇ ಶಾಂಘೈ ಸರ್ ಹೇಳಿದ್ದು ದಾರಿಯ ಲೆಕ್ಕದಲ್ಲಿ ಸರಿ. ಆದರೆ ಊರಿನ ಲೆಕ್ಕದಲ್ಲಿ ತೊಂಗ್ಲಿ ಮೇಲು. ಅಲ್ಲಿ ತುಯ್‌ಸಿ ಅನ್ನುವ ತೋಟದ ಮನೆ ಇದೆ. ಕೆಲಸದಿಂದ ತೆಗೆದುಹಾಕಿದ ಒಬ್ಬ ಅಧಿಕಾರಿ, ರೆನ್ ಲಾನ್‌ಶೆಂಗ್, ಊರಿಗೆ ವಾಪಸ್ ಬಂದು 1885ರಿಂದ 1887ರ ಒಳಗೆ ಕಟ್ಟಿಸಿದ್ದು. ಸುಝೌ ತೋಟಗಳ ಜೊತೆ ಅದೂ 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಜಾಗ ಸಣ್ಣದು. ಆದರೆ ಮಧ್ಯದ ಕೊಳದ ಸುತ್ತ ಕಟ್ಟಡಗಳನ್ನು ನೀರಿಗೆ ಎಷ್ಟು ತಗ್ಗಿಸಿ ಕಟ್ಟಿದ್ದಾರೆ ಅಂದರೆ, ಎಲ್ಲ ನೀರಿನ ಮೇಲೆ ತೇಲಿದ ಹಾಗೆ ಕಾಣುತ್ತವೆ. ಒಂದು ಮಂಟಪದಲ್ಲಿ ಸುಮ್ನೆ ಅರ್ಧ ಗಂಟೆ ಕೂತಿರಬಹುದು.

ಸುಝೌ ಮೆಟ್ರೋದ 4ನೇ ಲೈನ್‌ಗೆ ತೊಂಗ್ಲಿಯೇ ಕೊನೆಯ ಸ್ಟೇಷನ್. ಊರೊಳಗೆ ಹೋಗಲು ಟಿಕೆಟ್ ಇದೆ.

ಹಳೇ ಶಾಂಘೈ:
ತಮ್ಮಾ, ನೀನು ಸುಝೌನಲ್ಲಿದ್ದೀಯ. ಪುದೊಂಗ್‌ನಿಂದ ಮಕ್ಕಳು ಮರಿ ಕಟ್ಟಿಕೊಂಡು ಹೊರಟವರಿಗೆ ತೊಂಗ್ಲಿ ತಲುಪುವಷ್ಟರಲ್ಲಿ ಊಟದ ಹೊತ್ತು. 2023ರಿಂದ ಶಾಂಘೈ ಮೆಟ್ರೋ ಮತ್ತು ಸುಝೌ ಮೆಟ್ರೋ ಹುವಾಚಿಯಾವೊದಲ್ಲಿ ಕೂಡಿವೆ ನಿಜ. ಅದು ಮೆಟ್ರೋ ಹುಚ್ಚಿರುವವರಿಗೆ ಸರಿ, ಮಂಡಿ ನೋವಿನವರಿಗಲ್ಲ.

ಸುಝೌ ಲ್ಯಾಬ್ ಹುಡುಗ:
ಒಪ್ಪಿದೆ ಸರ್. ಮೊದಲ ಸಲ ಹೋಗುವವರು ಝುಜಿಯಾಜಿಯಾವೊ ನೋಡಲಿ. ತೊಂಗ್ಲಿಗೆ ಗಂಡ ಹೆಂಡತಿ ಇಬ್ಬರೇ ಬರಲಿ, ವಾರದ ಮಧ್ಯೆ.

ಧಾರವಾಡ ಪೇಡೆ:
ಏಜೆಂಟ್ ವಿಷಯಕ್ಕೆ ಬರ್ತೀನಿ ರೀ. ದುಡ್ಡು ತೀರಾ ಕಡಿಮೆ ಅಂದರೆ ಉಳಿದದ್ದನ್ನು ಬೇರೆ ಕಡೆ ವಸೂಲಿ ಮಾಡುತ್ತಾರೆ ಅಂತಲೇ ಅರ್ಥ. ನಮ್ಮ ಗುಂಪನ್ನು ಹೀಗೆ ಒಬ್ಬರು ಕರೆದುಕೊಂಡು ಹೋಗಿದ್ದರು. ಊರು ಸೇರುವ ಮೊದಲು ರೇಷ್ಮೆ ಹೊದಿಕೆಯ ಅಂಗಡಿ. ಅಲ್ಲಿಂದ ಮುತ್ತಿನ ಅಂಗಡಿ. ಅಲ್ಲಿಂದ ಚಹಾ ಅಂಗಡಿ. ಪ್ರತಿ ಅಂಗಡಿಯಲ್ಲೂ ಬಾಗಿಲು ಹಾಕಿ ಭಾಷಣ. ಊರು ನೋಡಲು ಸಿಕ್ಕಿದ್ದು ಮಧ್ಯಾಹ್ನದ ಮೇಲೆ ಒಂದೂವರೆ ಗಂಟೆ. ಅದೂ ಬಾವುಟ ಹಿಡಿದವರ ಹಿಂದೆ ಓಡಿಕೊಂಡು. ರೇಷ್ಮೆ ಹೊದಿಕೆ ಚೆನ್ನಾಗಿಯೇ ಇದೆ, ಅದು ಬೇರೆ ಮಾತು.

ಚೀನಾದಲ್ಲಿ 2013ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಪ್ರವಾಸೋದ್ಯಮ ಕಾನೂನು ಇದೆ. ಅದರ 35ನೇ ಕಲಂ ಪ್ರಕಾರ ಅಗ್ಗದ ದರ ತೋರಿಸಿ ಕರೆದು, ಅಂಗಡಿಗಳಿಗೆ ನುಗ್ಗಿಸಿ ಕಮಿಷನ್ ತಿನ್ನುವ ಹಾಗಿಲ್ಲ. ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಅಂಗಡಿ ಇದೆಯಾ ಅಂತ ಬರವಣಿಗೆಯಲ್ಲಿ ಕೇಳಿ. ಉತ್ತರ ತಿರುಗಿಸಿದರೆ ಬಿಟ್ಟುಬಿಡಿ.

ಪುದೊಂಗ್ ಅಮ್ಮ:
ಈಗಷ್ಟೇ ಕೇಳಿದೆ. "ರೇಷ್ಮೆ ಸಂಸ್ಕೃತಿ ಕೇಂದ್ರ, 50 ನಿಮಿಷ" ಅಂತ ಬಂತು. ಏಜೆಂಟ್ ಬೇಡ ಅಂತ ತೀರ್ಮಾನ ಆಯಿತು. ಆದರೆ ಇಪ್ಪತ್ತು ಜನ ಮೆಟ್ರೋದಲ್ಲಿ ಹೋಗಿ, ಆ ಗಲ್ಲಿಗಳಲ್ಲಿ ಒಬ್ಬರಿಗೊಬ್ಬರು ಕಳೆದುಹೋಗದ ಹಾಗೆ ಹೇಗೆ?

ಹಳೇ ಶಾಂಘೈ:
ಕಳೆದುಹೋಗಲಿ ಬಿಡಿ! ಇಪ್ಪತ್ತು ಜನ ಒಟ್ಟಿಗೆ ನಡೆಯುವ ಜಾಗವೇ ಅಲ್ಲ ಅದು. ಉತ್ತರ ಬೀದಿ ಅಂತ ಮುಖ್ಯ ಬೀದಿ ಇದೆಯಲ್ಲ, ಕೆಲವು ಕಡೆ ಇಬ್ಬರು ಕೈ ಚಾಚಿದರೆ ಎರಡೂ ಬದಿಯ ಅಂಗಡಿ ಸಿಗುತ್ತದೆ. ಮುಂದಿನವರು ಒಂದು ಫೋಟೋಗೆ ನಿಂತರೆ ಹಿಂದಿನ ಹತ್ತೊಂಬತ್ತು ಜನ ನಿಲ್ಲಬೇಕು, ಅವರ ಹಿಂದೆ ಅರ್ಧ ಶಾಂಘೈ ನಿಲ್ಲಬೇಕು.

ನಾನು ಹೇಳುವ ಉಪಾಯ ಇದು. ದೋಣಿಯ ಲೆಕ್ಕದಲ್ಲಿ ಒಡೆಯಿರಿ. ಕೈಯಲ್ಲಿ ಹುಟ್ಟು ಹಾಕುವ ಮರದ ದೋಣಿಗೆ ಆರು ಜನ. ಬಾಡಿಗೆ ದೋಣಿಗೆ, ತಲೆಗಲ್ಲ. ಹಾಗಾಗಿ ಆರಾರು ಜನದ ತಂಡ ಮಾಡಿ. ಪ್ರತಿ ತಂಡಕ್ಕೂ ಸ್ವಲ್ಪ ಚೀನೀ ಓದಲು ಬರುವ ಒಬ್ಬರು, ಮೊಬೈಲ್ ಪಾವತಿ ನಡೆಯುವ ಒಬ್ಬರು ಇರಲಿ. ಮಕ್ಕಳ ತಂಡ ಒಂದು, ನಿಧಾನ ನಡೆಯುವವರ ತಂಡ ಒಂದು. ವಿಚಾಟ್‌ನಲ್ಲಿ ಗುಂಪು ಮಾಡಿ, ಇರುವ ಜಾಗ ಹಂಚಿಕೊಳ್ಳಿ. ಊಟಕ್ಕೆ ಒಂದು ಹೋಟೆಲ್, ಒಂದು ಸಮಯ ಗೊತ್ತು ಮಾಡಿ. ಉಳಿದ ಹೊತ್ತು ಯಾರು ಎಲ್ಲಿ ಬೇಕಾದರೂ ಇರಲಿ.

ಇನ್ನೊಂದು ಮಾತು. ಒಂಬತ್ತರ ಒಳಗೆ ಅಲ್ಲಿರಿ. ಹತ್ತೂವರೆಯಿಂದ ಮೂರರ ತನಕ ಆ ಬೀದಿಯಲ್ಲಿ ಉಸಿರಾಡಲು ಜಾಗ ಇರುವುದಿಲ್ಲ.

ಕೋರಮಂಗಲ ರಿಟರ್ನ್:
ಯಾರಿಗೂ ಇಷ್ಟ ಆಗಲಿಕ್ಕಿಲ್ಲ, ಆದರೂ ಹೇಳುತ್ತೇನೆ. ಈ ಊರುಗಳೆಲ್ಲ ಸಿನಿಮಾ ಸೆಟ್. ಎಲ್ಲಿ ಹೋದರೂ ಅದೇ ವಾಸನೆ ಹೊಡೆಯುವ ತೋಫು (ಸೋಯಾ ಪನೀರ್), ಅದೇ ಕೊಂಬಿನ ಬಾಚಣಿಗೆ, ಅದೇ ಬಾಡಿಗೆ ರೇಷ್ಮೆ ಉಡುಪು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವ ಹುಡುಗಿಯರು. ಹಳೇದು ಅಂತ ತೋರಿಸುವುದರಲ್ಲಿ ಅರ್ಧ ಹೊಸ ಸಿಮೆಂಟು. ಇದಕ್ಕೆ ಶನಿವಾರ ಯಾಕೆ ಹಾಳು ಮಾಡಿಕೊಳ್ಳಬೇಕು?

ಹಳೇ ಶಾಂಘೈ:
ಅರ್ಧ ಒಪ್ಪುತ್ತೇನೆ. ವುಝೆನ್‌ನ ಪಶ್ಚಿಮ ಭಾಗಕ್ಕೆ ನಿಮ್ಮ ಮಾತು ಹೊಂದುತ್ತದೆ. ಅಲ್ಲಿದ್ದ ಜನರನ್ನು ಬೇರೆ ಕಡೆಗೆ ಸಾಗಿಸಿ, ಇಡೀ ಜಾಗವನ್ನು ಒಂದೇ ಕಂಪನಿ ರಿಪೇರಿ ಮಾಡಿ 2007ರಲ್ಲಿ ತೆರೆದರು. ವೈರುಗಳೆಲ್ಲ ನೆಲದೊಳಗೆ, ಕಸ ಇಲ್ಲ, ರಾತ್ರಿ ದೀಪದಲ್ಲಿ ಕಣ್ಣಿಗೆ ಹಬ್ಬ. 2013ರಿಂದ ಅಲ್ಲಿ ನಾಟಕೋತ್ಸವ, 2014ರಿಂದ ವಿಶ್ವ ಇಂಟರ್ನೆಟ್ ಸಮ್ಮೇಳನ. ಚೆನ್ನಾಗಿದೆ, ಆದರೆ ಒಣಗಲು ಹಾಕಿದ ಒಂದು ಬನಿಯನ್ ಕೂಡ ಕಾಣುವುದಿಲ್ಲ.

ಝುಜಿಯಾಜಿಯಾವೊ ಹಾಗಲ್ಲ. ಮುಖ್ಯ ಬೀದಿ ಬಿಟ್ಟು ಪಕ್ಕದ ಗಲ್ಲಿಗೆ ತಿರುಗಿ ನೋಡಿ. ಮುದುಕರು ಇಸ್ಪೀಟು ಆಡುತ್ತಿರುತ್ತಾರೆ, ಕಾಲುವೆ ಮೆಟ್ಟಿಲ ಮೇಲೆ ಒಬ್ಬರು ನೆಲ ಒರೆಸುವ ಬಟ್ಟೆ ಹಿಂಡುತ್ತಿರುತ್ತಾರೆ, ಕಿಟಕಿಯಿಂದ ಟೀವಿ ಸದ್ದು.

ಇನ್ನು ಇವು ಉಳಿದದ್ದು ಹೇಗೆ ಅನ್ನುವುದೂ ಕೇಳುವಂಥದ್ದೇ. ಈ ಕಡೆ ಅಕ್ಕಿ, ಹತ್ತಿ ಬಟ್ಟೆ, ರೇಷ್ಮೆ ಎಲ್ಲ ಶತಮಾನಗಳ ಕಾಲ ದೋಣಿಯಲ್ಲೇ ಓಡಾಡಿದವು. ಎರಡು ಕಾಲುವೆ ಕೂಡುವ ಕಡೆ ಸಂತೆ, ಸಂತೆಯ ಸುತ್ತ ಊರು. ಆಮೇಲೆ ರೈಲು ಬಂತು, ರಸ್ತೆ ಬಂತು, ವ್ಯಾಪಾರ ಅತ್ತ ಹೋಯಿತು. ಹೊಸ ಮನೆ ಕಟ್ಟಲು ದುಡ್ಡಿಲ್ಲದ್ದಕ್ಕೆ ಹಳೇ ಮನೆ ಉಳಿದವು. 1980ರ ದಶಕದಲ್ಲಿ ದುಡ್ಡು ಬಂದಾಗ ಕಾಲುವೆ ಮುಚ್ಚಿ ರಸ್ತೆ ಮಾಡುವ, ಮನೆ ಕೆಡವಿ ಕಾರ್ಖಾನೆ ಹಾಕುವ ಉಮೇದು ಎಲ್ಲ ಕಡೆ ಇತ್ತು. ಆಗ ತೊಂಗ್ಜಿ ವಿಶ್ವವಿದ್ಯಾಲಯದ ಪ್ರೊಫೆಸರ್ ರುವಾನ್ ಯಿಸಾನ್ ಊರಿಂದ ಊರಿಗೆ ಅಲೆದು, ಇದನ್ನು ಮುಟ್ಟಬೇಡಿ, ಹೊಸ ಊರು ಪಕ್ಕದಲ್ಲಿ ಕಟ್ಟಿಕೊಳ್ಳಿ ಅಂತ ಅಧಿಕಾರಿಗಳ ಹಿಂದೆ ಬಿದ್ದರು. ಝೌಝುವಾಂಗ್‌ಗೆ ಅವರೇ ಯೋಜನೆ ಹಾಕಿಕೊಟ್ಟರು.

ಅದೇ ಹೊತ್ತಿಗೆ ಇನ್ನೊಂದು ಅದೃಷ್ಟ. ಚಿತ್ರಕಾರ ಚೆನ್ ಯಿಫೇ ಝೌಝುವಾಂಗ್‌ನ ಜೋಡಿ ಸೇತುವೆ ಬರೆದಿದ್ದರು. ಅಮೆರಿಕದ ತೈಲ ಉದ್ಯಮಿ ಆರ್ಮಂಡ್ ಹ್ಯಾಮರ್ ಆ ಚಿತ್ರ ಕೊಂಡು 1984ರಲ್ಲಿ ಚೀನಾದ ಆಗಿನ ನಾಯಕ ದೆಂಗ್ ಶಿಯಾವೊಪಿಂಗ್ ಅವರಿಗೆ ಉಡುಗೊರೆ ಕೊಟ್ಟರು. ಯಾರಿಗೂ ಗೊತ್ತಿಲ್ಲದ ಊರು ದೇಶಕ್ಕೆಲ್ಲ ಗೊತ್ತಾಯಿತು. ಜನ ಬಂದರು, ಟಿಕೆಟ್ ಬಂತು, ತೋಫು ಅಂಗಡಿಯೂ ಬಂತು. ತೋಫು ಅಂಗಡಿ ಇಲ್ಲದಿದ್ದರೆ ಸೇತುವೆಯೂ ಇರುತ್ತಿರಲಿಲ್ಲ ಅನ್ನುವುದು ನನ್ನ ಅನಿಸಿಕೆ.

ಕೋರಮಂಗಲ ರಿಟರ್ನ್:
ಹ್ಞೂಂ. ಬನಿಯನ್ ಮಾತು ಸರಿ ಹೇಳಿದಿರಿ. ಆದರೂ ಬಾಚಣಿಗೆ ಅಂಗಡಿ ಅತಿಯಾಯಿತು.

ಕೆಚಿಯಾವೊ ಬಟ್ಟೆ ವ್ಯಾಪಾರಿ:
ಶಾಂಘೈನವರು ಶಾಂಘೈ ಬಿಟ್ಟು ಮಾತಾಡುವುದೇ ಇಲ್ಲವಲ್ಲ. ಶಾವೊಶಿಂಗ್‌ನ ಕೆಚಿಯಾವೊದಲ್ಲಿ ಬಟ್ಟೆ ವ್ಯಾಪಾರಕ್ಕೆ ಬಂದ ನಮ್ಮ ದೇಶದವರು ಎಷ್ಟು ಜನ ಇದ್ದಾರೆ. ನಮಗೆ ಪಕ್ಕದಲ್ಲೇ ಆನ್‌ಛಾಂಗ್ ಅನ್ನುವ ಹಳೇ ಊರಿದೆ. ಚಳಿಗಾಲದಲ್ಲಿ, ಅಂದರೆ ಅವರ ಹೊಸ ವರ್ಷಕ್ಕೆ ಮೊದಲು, ಕಾಲುವೆಯ ಉದ್ದಕ್ಕೂ ಹಂದಿ ಮಾಂಸದ ಸಾಸೇಜು, ಸೋಯಾ ಸಾಸಿನಲ್ಲಿ ನೆನೆಸಿದ ಬಾತುಕೋಳಿ ಸಾಲಾಗಿ ಬಿಸಿಲಿಗೆ ನೇತು ಹಾಕಿರುತ್ತಾರೆ. ಸಸ್ಯಾಹಾರಿಗಳು ಆ ತಿಂಗಳು ಈ ಕಡೆ ತಲೆ ಹಾಕಬೇಡಿ. ಉಳಿದವರು ಆ ತಿಂಗಳೇ ಬನ್ನಿ.

ಶಾವೊಶಿಂಗ್‌ನ ದೋಣಿ ಬೇರೆ. ಕಪ್ಪು ಬಿದಿರು ತಟ್ಟಿಯ ಚಾವಣಿ, ತೆಳ್ಳಗೆ ಉದ್ದ. ಅಂಬಿಗ ಕೂತುಕೊಂಡು ಕಾಲಿನಲ್ಲಿ ಹುಟ್ಟು ಹಾಕುತ್ತಾನೆ, ಕೈಯಲ್ಲಿ ಸಣ್ಣ ಹುಟ್ಟು ಹಿಡಿದು ದಿಕ್ಕು ತಿರುಗಿಸುತ್ತಾನೆ. ಇದನ್ನು ಬೇರೆ ಕಾಲುವೆ ಊರಿನಲ್ಲಿ ನಾನು ನೋಡಿಲ್ಲ.

ಧಾರವಾಡ ಪೇಡೆ:
ಸಸ್ಯಾಹಾರದ ಬಗ್ಗೆ ಯಾರೂ ಸರಿಯಾಗಿ ಹೇಳಿಲ್ಲ, ನಾನೇ ಬರೀತೀನಿ.

ಝುಜಿಯಾಜಿಯಾವೊದಲ್ಲಿ ಎಲ್ಲಿ ನೋಡಿದರೂ ಎರಡು ತಿಂಡಿ. ಒಂದು ಹುಲ್ಲಿನಲ್ಲಿ ಕಟ್ಟಿ ಬೇಯಿಸಿದ ಹಂದಿ ಮಾಂಸ. ಇನ್ನೊಂದು ಜೋಂಗ್‌ಜಿ, ಎಲೆಯಲ್ಲಿ ಸುತ್ತಿದ ಅಂಟು ಅಕ್ಕಿ. ಅಕ್ಕಿ ಅಂತ ಕಣ್ಣು ಮುಚ್ಚಿ ತಿನ್ನಬೇಡಿ, ಹೆಚ್ಚಿನದರಲ್ಲಿ ಮಾಂಸ ಇರುತ್ತದೆ. ಕೆಂಪು ಬೀನ್ಸಿನ ಸಿಹಿ ಹೂರಣದ ಜೋಂಗ್‌ಜಿ ಸಿಗುತ್ತದೆ, ಆದರೆ ಹೂರಣಕ್ಕೆ ಹಂದಿ ಕೊಬ್ಬು ಹಾಕುವ ರೂಢಿ ಇದೆ. ಕೇಳಿಯೇ ತಗೊಳ್ಳಿ. ವಸಂತದಲ್ಲಿ ಸಿಗುವ ಹಸಿರು ಉಂಡೆ ಚಿಂಗ್‌ತುವಾನ್‌ಗೂ ಇದೇ ಮಾತು.

ಧೈರ್ಯವಾಗಿ ಕೊಳ್ಳಬಹುದಾದದ್ದು ಹೊಗೆಯಲ್ಲಿ ಒಣಗಿಸಿದ ಹಸಿ ಸೋಯಾ ಕಾಳು. ಅದು ಆ ಕಡೆಯ ವಿಶೇಷ, ಉಪ್ಪುಪ್ಪಾಗಿ ಚೆನ್ನಾಗಿದೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಇನ್ನೊಂದು ತಾವರೆ ಬೇರಿನ ತೂತುಗಳಿಗೆ ಅಂಟು ಅಕ್ಕಿ ತುಂಬಿ ಬೇಯಿಸಿ, ಮೇಲೆ ಒಸ್ಮಾಂಥಸ್ ಹೂವಿನ ಸಿಹಿ ಪಾಕ ಹಾಕಿದ್ದು. ಮಕ್ಕಳು ಬಿಡೋದಿಲ್ಲ.

ಹೋಟೆಲಿನಲ್ಲಿ ಆಲೂಗಡ್ಡೆ ಸೀಳು, ಬೆಳ್ಳುಳ್ಳಿ ಹಾಕಿ ಹುರಿದ ಸೊಪ್ಪು, ಬ್ರೊಕೊಲಿ ಸಿಗುತ್ತದೆ. ಬದನೆಕಾಯಿ, ತೋಫು ಪಲ್ಯದಲ್ಲಿ ಕೊಚ್ಚಿದ ಮಾಂಸ ಬರುವುದೇ ಜಾಸ್ತಿ. ಮಾಂಸ, ಮೀನು, ಮೊಟ್ಟೆ, ಹಂದಿ ಕೊಬ್ಬು, ಆಯ್ಸ್ಟರ್ ಸಾಸ್, ಕೋಳಿ ಪುಡಿ, ಒಂದೂ ಬೇಡ ಅಂತ ಚೀನೀ ಅಕ್ಷರದಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ. ಬಾಯಲ್ಲಿ ಸಸ್ಯಾಹಾರಿ ಅಂದರೆ ಮಾಂಸದ ತುಂಡು ಆರಿಸಿ ತೆಗೆದು ಕೊಡುತ್ತಾರೆ. ಇಷ್ಟೆಲ್ಲ ಆದ ಮೇಲೂ ಪುಳಿಯೋಗರೆ, ಚಪಾತಿ ಒಂದು ಡಬ್ಬಿ ಚೀಲದಲ್ಲಿ ಇರಲಿ. ಬಿಸಿ ನೀರು ಎಲ್ಲಿ ಕೇಳಿದರೂ ಕೊಡುತ್ತಾರೆ, ಆ ವಿಷಯದಲ್ಲಿ ಚೀನಾದವರ ಕೈ ದೊಡ್ಡದು.

ಸುಝೌ ಲ್ಯಾಬ್ ಹುಡುಗ:
ಪಾವತಿ ಬಗ್ಗೆ. ಅತ್ತೆ ಮಾವನ ಕೈಯಲ್ಲಿ ನೋಟು ಕೊಡಿ, ತಗೊಳ್ಳುತ್ತಾರೆ, ಆದರೆ ಸಣ್ಣ ಅಂಗಡಿಯಲ್ಲಿ ಚಿಲ್ಲರೆ ಇರುವುದಿಲ್ಲ. 2023ರಿಂದ ಅಲಿಪೇ, ವಿಚಾಟ್ ಎರಡಕ್ಕೂ ನಮ್ಮ ವೀಸಾ, ಮಾಸ್ಟರ್‌ಕಾರ್ಡ್ ಸೇರಿಸುವುದು ಸುಲಭ ಆಗಿದೆ. ಒಂದು ಸಲಕ್ಕೆ 200 ಯುವಾನ್ ಒಳಗೆ ಇದ್ದರೆ ಹೆಚ್ಚುವರಿ ಶುಲ್ಕ ಇಲ್ಲ, ಮೇಲಾದರೆ 3%. ಗುಂಪಿನ ಊಟದ ಬಿಲ್ಲನ್ನು ಇಲ್ಲಿನ ಬ್ಯಾಂಕ್ ಖಾತೆ ಇರುವವರೇ ಕೊಡಲಿ, ಆಮೇಲೆ ಹಂಚಿಕೊಳ್ಳಿ.

ಪಾಸ್‌ಪೋರ್ಟ್ ಎಲ್ಲರ ಹತ್ತಿರವೂ ಇರಲಿ. ಮೆಟ್ರೋಗೆ ಬೇಕಾಗಿಲ್ಲ. ಆದರೆ 16 ತುಂಬಿದ ವಿದೇಶಿಯರು ಅದನ್ನು ಜೊತೆಯಲ್ಲಿ ಇಟ್ಟುಕೊಂಡಿರಬೇಕು ಅಂತ ಇಲ್ಲಿ ಕಾನೂನೇ ಇದೆ. ರೈಲಿನಲ್ಲಿ ಹೋಗುವುದಾದರೆ ಪಾಸ್‌ಪೋರ್ಟೇ ಟಿಕೆಟ್. ಅಲ್ಲಿ ನಮ್ಮವರಿಗೊಂದು ತಲೆನೋವು. ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಊರ ಹೆಸರು ಅಪ್ಪನ ಹೆಸರು ಎಲ್ಲ ಒಂದೇ ಸಾಲಿನಲ್ಲಿ. ರೈಲ್ವೆಯ 12306 ಆ್ಯಪ್‌ನಲ್ಲಿ ಸರ್‌ನೇಮ್ ಹಾಕದೆ ಮುಂದೆ ಹೋಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಸ್ಟೇಷನ್ ಕೌಂಟರಿನಲ್ಲಿ ಪಾಸ್‌ಪೋರ್ಟ್ ಕೊಟ್ಟು ಮಾಡಿಸಿಕೊಳ್ಳಿ. ಹೊರಡುವ ದಿನ ಬೆಳಿಗ್ಗೆ ಅಲ್ಲ, ಮುಂಚೆಯೇ.

ಮಕ್ಕಳ ತಳ್ಳುಗಾಡಿ ಬೇಡ. ಸೇತುವೆಗಳಿಗೆಲ್ಲ ಮೆಟ್ಟಿಲು. ಎದೆಗೆ ಕಟ್ಟಿಕೊಳ್ಳುವ ಚೀಲ ತನ್ನಿ. ಶೌಚಾಲಯದಲ್ಲಿ ಪೇಪರ್ ಇರುತ್ತದೆ ಅಂತ ನಂಬಬೇಡಿ.

ಪುದೊಂಗ್ ಅಮ್ಮ:
ಹೋಗಿ ಬಂದೆವು! ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಝುಜಿಯಾಜಿಯಾವೊಗೇ ಹೋದದ್ದು, ದೋಣಿ ಲೆಕ್ಕದ ತಂಡ ಮಾಡಿಯೇ ಹೋದದ್ದು.

ಒಂಬತ್ತಕ್ಕೆ ಸ್ವಲ್ಪ ಮುಂಚೆ ತಲುಪಿದೆವು. ಅಂಗಡಿಗಳು ಆಗಷ್ಟೇ ಹಲಗೆ ಬಾಗಿಲು ತೆಗೆಯುತ್ತಿದ್ದವು. ಸೇತುವೆ ಮೇಲೆ ನಾವು ಬಿಟ್ಟರೆ ವ್ಯಾಯಾಮ ಮಾಡುವ ನಾಲ್ಕು ಜನ ಇದ್ದರು, ಅಷ್ಟೇ. ಮಾವ ನೋಡೋಣ ಅಂತ ಶುರು ಮಾಡಿ ಮೇಲೆ ತನಕ ಹತ್ತಿಬಿಟ್ಟರು. ಮೆಟ್ಟಿಲ ಎತ್ತರ ಕಡಿಮೆ, ಅಗಲ ಜಾಸ್ತಿ, ಅದಕ್ಕೆ ಕಷ್ಟ ಆಗಲಿಲ್ಲವಂತೆ. ಇಳಿಯುವಾಗ ಮಾತ್ರ ಮಗನ ಭುಜ ಬೇಕಾಯಿತು.

ನಮ್ಮ ತಂಡ ನಿಧಾನದವರದ್ದು. ಅತ್ತೆ ಒಬ್ಬ ಅಜ್ಜಿ ಜೋಂಗ್‌ಜಿ ಸುತ್ತುವುದನ್ನು ನೋಡುತ್ತಾ ನಿಂತರು. ಅಲ್ಲಾಡಲಿಲ್ಲ. ಅಜ್ಜಿ ಎಲೆಯನ್ನು ಕೋನ ಮಾಡಿ ಅಕ್ಕಿ ತುಂಬಿ ದಾರ ಸುತ್ತುವುದು, ಅತ್ತೆ ನಾಗರ ಪಂಚಮಿಗೆ ಅರಿಶಿನ ಎಲೆಯಲ್ಲಿ ಕಡುಬು ಮಡಿಸುವುದು, ಕೈಯ ವೇಗ ಒಂದೇ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದು. ಕೊನೆಗೆ ಅಜ್ಜಿ ಪಕ್ಕದ ಸ್ಟೂಲು ಎಳೆದು ಎಲೆ ಕೊಟ್ಟೇಬಿಟ್ಟರು. ಅತ್ತೆ ಕಟ್ಟಿದ್ದು ಬಿಚ್ಚಿಕೊಂಡಿತು, ಅಜ್ಜಿ ಬಿದ್ದು ಬಿದ್ದು ನಕ್ಕರು. ಇಪ್ಪತ್ತು ಜನ ಒಟ್ಟಿಗೆ ಬಂದಿದ್ದರೆ ಬನ್ನಿ ಬನ್ನಿ ಅಂತ ಎಳೆದುಕೊಂಡು ಹೋಗಿರುತ್ತಿದ್ದೆವು.

ಮಕ್ಕಳ ತಂಡ ಹಳೇ ಚಿಂಗ್ ರಾಜವಂಶದ ಕಾಲದ ಪೋಸ್ಟ್ ಆಫೀಸಿಗೆ ಹೋಗಿ ಊರಿಗೆ ಕಾರ್ಡು ಬರೆಯಿತು. ಮೀನೂ ಬಿಟ್ಟರು. ಇನ್ನೊಂದು ತಂಡ ಕೆಝಿ ತೋಟಕ್ಕೆ ಹೋಯಿತು. 1912ರಲ್ಲಿ ಒಬ್ಬ ಸಾಹುಕಾರ ಕಟ್ಟಿಸಲು ಶುರು ಮಾಡಿದ್ದಂತೆ, ಒಂದು ಕಡೆ ಓದುವ ಮನೆ, ಇನ್ನೊಂದು ಕಡೆ ಬೆಳೆ ಬೆಳೆಯುವ ಜಾಗ. ಮುಖ್ಯ ಬೀದಿಯಲ್ಲಿ ಹನ್ನೊಂದು ಗಂಟೆಗೆ ಕಾಲಿಡಲು ಆಗದಿದ್ದಾಗ ಅಲ್ಲಿ ನಾಲ್ಕೈದು ಜನ ಮಾತ್ರ ಇದ್ದರಂತೆ.

ಊಟ ಅಷ್ಟಕ್ಕಷ್ಟೇ. ಫೋನಿನ ಚೀಟಿ ತೋರಿಸಿದ ಮೇಲೂ ಒಂದು ತಟ್ಟೆ ಸೊಪ್ಪಿನಲ್ಲಿ ಒಣ ಸಿಗಡಿ ಬಂತು. ಪುಳಿಯೋಗರೆ ಕಾಪಾಡಿತು. ಎರಡು ಗಂಟೆಗೆ ಹೊರಟು, ಹೊಂಗ್‌ಚಿಯಾವೊದಿಂದ ಎಲ್ಲರೂ ನಿದ್ದೆ ಮಾಡಿಕೊಂಡು ಬಂದೆವು.

ಮಂಗಳೂರು ಮೀನು:
ಒಣ ಸಿಗಡಿ ತಟ್ಟೆ ಯಾರ ಪಾಲಾಯಿತು ಅಂತ ಬರೆದಿಲ್ಲ ನೀವು.

ಪುದೊಂಗ್ ಅಮ್ಮ:
ಆಫೀಸಿನವರು ಇದ್ದರಲ್ಲ ಅಣ್ಣ, ಎರಡು ನಿಮಿಷದಲ್ಲಿ ಖಾಲಿ.

ರಾಮನಗರ ರೇಷ್ಮೆ:
ಇನ್ನೊಂದು ಸಲ ಹೋಗುವವರಿಗೆ ನಾನ್‌ಶುನ್ ಹೇಳುತ್ತೇನೆ. ನಾನು ರೇಷ್ಮೆ ನೂಲಿನ ಮನೆಯವನು, ಹಾಗಾಗಿ ಸ್ವಲ್ಪ ಪಕ್ಷಪಾತ ಇರಬಹುದು. ಹುಝೌ ಕಡೆಯ ಈ ಊರು ಬೆಳೆದದ್ದೇ ರೇಷ್ಮೆಯಿಂದ. ಪಕ್ಕದ ಜೀಲಿ ಹಳ್ಳಿಯ ನೂಲು 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಬಹುಮಾನ ಗೆದ್ದಿತ್ತು. ಶಾಂಘೈ ಬಂದರು ತೆರೆದ ಮೇಲೆ ಇಲ್ಲಿನ ವ್ಯಾಪಾರಿಗಳು ಕಂಡಾಪಟ್ಟೆ ದುಡ್ಡು ಮಾಡಿದರು. ಊರಿನವರು ಸಾಹುಕಾರರನ್ನು ಆಸ್ತಿ ನೋಡಿ ಆನೆ, ಎತ್ತು, ನಾಯಿ ಅಂತ ವಿಂಗಡಿಸಿದ್ದರು. ನಾಲ್ಕು ಆನೆ, ಎಂಟು ಎತ್ತು, ಎಪ್ಪತ್ತೆರಡು ನಾಯಿ. ನಮ್ಮ ಊರಿನ ಗೂಡಿನ ಮಾರುಕಟ್ಟೆಯಲ್ಲಿ ಯಾರನ್ನಾದರೂ ಹೀಗೆ ಕರೆದು ನೋಡಿ!

ಆ ಆನೆಗಳಲ್ಲಿ ಒಂದಾದ ಝಾಂಗ್ ಮನೆತನದ ಝಾಂಗ್ ಶಿಮಿಂಗ್ ಅವರ ಮನೆ ನೋಡಬೇಕು. ಮುಂದಿನಿಂದ ಅಪ್ಪಟ ಚೀನೀ ಮನೆ, ಒಳಗೆ ಹೋಗುತ್ತಾ ಹೋದರೆ ಫ್ರೆಂಚ್ ಶೈಲಿಯ ನೃತ್ಯದ ಹಾಲ್, ಬಣ್ಣದ ಗಾಜು. ಲಿಯು ಮನೆತನದವರು 1920ರ ದಶಕದಲ್ಲಿ ಕಟ್ಟಿದ ಪುಸ್ತಕ ಭಂಡಾರ ಇನ್ನೊಂದು. ಕಾಲುವೆ ಉದ್ದಕ್ಕೆ ನೂರು ಮನೆಗಳ ಸಾಲು ಇದೆ, ಅಲ್ಲಿ ಇನ್ನೂ ಜನ ಇದ್ದಾರೆ.

2024ರ ಡಿಸೆಂಬರ್ 26ರಿಂದ ಶಾಂಘೈ, ಸುಝೌ, ಹುಝೌ ನಡುವೆ ಹೊಸ ಹೈಸ್ಪೀಡ್ ರೈಲು ಓಡುತ್ತಿದೆ, ನಾನ್‌ಶುನ್‌ಗೇ ಸ್ಟೇಷನ್ ಇದೆ. ಮುಂಚೆ ಒಂದು ದಿನದಲ್ಲಿ ಆಗದಿದ್ದದ್ದು ಈಗ ಆರಾಮಾಗಿ ಆಗುತ್ತದೆ. ಅಂಗಡಿಯಲ್ಲಿ ರೇಷ್ಮೆ ಕೊಳ್ಳುವ ಮೊದಲು ಒಂದೆಳೆ ಎಳೆದು ಸುಟ್ಟು ತೋರಿಸಲು ಹೇಳಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿ ಆಗಬೇಕು. ಗಟ್ಟಿ ಮಣಿ ಆದರೆ ಪಾಲಿಯೆಸ್ಟರ್.

ಹೊಸದಾಗಿ ಬಂದವ:
ನಾನು ಮಾರ್ಚ್‌ನಲ್ಲಿ ಬಂದಿದ್ದೇನೆ. ನಮ್ಮ ಕಂಪನಿಯ ಹುಡುಗರು ಮೇ ಒಂದರ ರಜೆಯಲ್ಲಿ ನಾನ್‌ಶುನ್‌ಗೆ ಹೋಗೋಣ ಅಂತಿದ್ದಾರೆ. ಐದು ದಿನ ರಜೆ ಇದೆಯಲ್ಲ, ಆರಾಮಾಗಿ ಹೋಗಬಹುದಾ? ಬೇಕಾದರೆ ರಾತ್ರಿ ಉಳಿಯುವುದು.

ಹಳೇ ಶಾಂಘೈ:
ಬೇಡ ಗುರು. ಮೇ ಒಂದು ಮತ್ತು ಅಕ್ಟೋಬರ್ ಮೊದಲ ವಾರ, ಈ ಎರಡು ರಜೆಯಲ್ಲಿ ಇಡೀ ದೇಶ ರಸ್ತೆಗೆ ಬರುತ್ತದೆ. ರೈಲು ಟಿಕೆಟ್ ಎರಡು ವಾರ ಮುಂಚೆ ಬಿಡುತ್ತಾರೆ, ಬಿಟ್ಟ ಕೂಡಲೇ ಖಾಲಿ. ಸೇತುವೆ ಮೇಲೆ ಪೊಲೀಸರು ನಿಂತು ಒಂದೇ ದಿಕ್ಕಿಗೆ ನಡೆಸುವುದನ್ನು ನೋಡಿದ್ದೇನೆ. ಉಳಿಯುವ ಕೋಣೆ ರೇಟು ಕೇಳಿದರೆ ಹೃದಯ ನಿಲ್ಲುತ್ತದೆ. ಮೇಲಾಗಿ ರಾತ್ರಿ ಉಳಿದರೆ 24 ಗಂಟೆಯೊಳಗೆ ಪೊಲೀಸ್ ನೋಂದಣಿ ಆಗಬೇಕು. ಹೋಟೆಲಿನವರು ಮಾಡುತ್ತಾರೆ, ಸ್ನೇಹಿತರ ಮನೆ ಆದರೆ ನೀವೇ ಮಾಡಿಸಬೇಕು.

ಇನ್ನೊಂದು, ಆ ಐದು ದಿನ ಪೂರ್ತಿ ಪುಕ್ಕಟೆ ಅಲ್ಲ. ಒಟ್ಟಿಗೆ ಉದ್ದ ರಜೆ ಕೊಡಲು ಹಿಂದೆ ಮುಂದೆ ಒಂದು ಭಾನುವಾರವೋ ಶನಿವಾರವೋ ಕೆಲಸದ ದಿನ ಮಾಡುತ್ತಾರೆ. ಗುಂಪಿನ ಪ್ರವಾಸಕ್ಕೆ ತಾರೀಖು ಹಾಕುವ ಮೊದಲು ಸರ್ಕಾರದ ರಜೆ ಪಟ್ಟಿ ನೋಡಿ. ಅರ್ಧ ಜನ ಆಫೀಸಿನಲ್ಲಿ, ಅರ್ಧ ಜನ ಸ್ಟೇಷನ್ನಿನಲ್ಲಿ ಆಗಬಾರದು.

ಹೊಸದಾಗಿ ಬಂದವ:
ಹಾಗಾದರೆ ಯಾವಾಗ ಸರ್?

ಹಳೇ ಶಾಂಘೈ:
ಏಪ್ರಿಲ್‌ನಲ್ಲಿ ಚಿಂಗ್‌ಮಿಂಗ್ (ಹಿರಿಯರ ಸಮಾಧಿಗೆ ಪೂಜೆ ಮಾಡುವ ಹಬ್ಬ) ರಜೆ ಮುಗಿದ ಮೇಲಿನ ಯಾವುದಾದರೂ ವಾರಾಂತ್ಯ. ಇಲ್ಲವಾದರೆ ಮೇ ಎರಡನೇ ಅರ್ಧ. ಜೂನ್ ಮಧ್ಯದಿಂದ ಒಂದು ತಿಂಗಳು ಬಿಡದೆ ಜಿನುಗುವ ಮಳೆ, ಗೋಡೆಗೂ ಬೂಷ್ಟು ಬರುತ್ತದೆ. ಜುಲೈ ಆಗಸ್ಟ್ ಬಿಸಿಲು ತಡೆಯಲು ಆಗುವುದಿಲ್ಲ. ಆಮೇಲೆ ಅಕ್ಟೋಬರ್ ಕೊನೆ, ನವೆಂಬರ್.

ರಾಮನಗರ ರೇಷ್ಮೆ:
ಏಪ್ರಿಲ್ ಮೂರನೇ ಶನಿವಾರ ನಾನೂ ಹೋಗುವವನಿದ್ದೇನೆ. ನೀವೂ ಸೇರಿ ಐದು ಜನ ಬನ್ನಿ, ಒಂದು ದೋಣಿ ಆಗುತ್ತದೆ.